ಆಸೆ ಕನ್ನಡದಲ್ಲಿ, ಎಚ್ಚರಿಕೆ ಹಿಂದಿಯಲ್ಲಿ!

(ಬಳ್ಳಾರಿಯ ಪಾರ್ವತಿನಗರದಲ್ಲಿ ಸೇರಿದ್ದ ಕನ್ನಡ ತರುಣ ತರುಣಿಯರ ಮುಂದೆ ಆಡಿದ ಮಾತು)

ನಿಮ್ಮ ಮನೆಗೋ, ಓಣಿಯ ಕಟಿಂಗ್ ಶಾಪಿಗೋ ಬರುವ ಒಂದು ಸಣ್ಣ ಕನ್ನಡ ದಿನಪತ್ರಿಕೆಯನ್ನು ಕೈಗೆತ್ತಿಕೊಳ್ಳಿ. ರಾಜಧಾನಿಯ ದೊಡ್ಡ ಪತ್ರಿಕೆ ಬೇಡ. ಜಿಲ್ಲೆಯಲ್ಲೇ ಅಚ್ಚಾಗುವ, ನಾಲ್ಕು ಪುಟದ, ಸಂಪಾದಕನೇ ವರದಿಗಾರನೂ ಆಗಿರುವ ಪತ್ರಿಕೆ. ಅದರಲ್ಲಿ ಸುದ್ದಿ ಎಷ್ಟು, ಜಾಹೀರಾತು ಎಷ್ಟು ಎಂದು ಅಡಿಪಟ್ಟಿ ಇಟ್ಟು ಅಳೆಯಿರಿ. ಅಳೆದ ಮೇಲೆ ಜಾಹೀರಾತುಗಳನ್ನು ಬೇರೆ ಬೇರೆ ಮಾಡಿ. ಒಂದು ಕಡೆ ಸರಕಾರದ ಪ್ರಕಟಣೆ. ಇನ್ನೊಂದು ಕಡೆ ಮುಖಂಡರ ಹುಟ್ಟುಹಬ್ಬ. ಕೈಮುಗಿದ ಒಂದು ದೊಡ್ಡ ಫೋಟೋ, ಕೆಳಗೆ ‘ಶುಭ ಕೋರುವವರು’ ಎಂದು ಇಪ್ಪತ್ತು ಸಣ್ಣ ಮುಖ. ಮೂರನೆಯ ಕಡೆ ಔಷಧ.

ಸಕ್ಕರೆ ಕಾಯಿಲೆ ಬುಡಸಮೇತ ಗುಣ. ಮೂಲವ್ಯಾಧಿ ಒಂದೇ ದಿನದಲ್ಲಿ ಮಾಯ. ಗಂಡಸುತನಕ್ಕೆ ಕ್ಯಾಪ್ಸೂಲು. ಮಕ್ಕಳಾಗದವರಿಗೆ ತಾಯತ. ಕೆಳಗೊಂದು ಮೊಬೈಲ್ ನಂಬರು. ವೈದ್ಯರ ಹೆಸರಿಲ್ಲ, ದವಾಖಾನೆಯ ವಿಳಾಸವಿಲ್ಲ. ತಿಂಗಳಿಗೊಮ್ಮೆ ಇಂಥ ಲಾಡ್ಜಿನಲ್ಲಿ ಸಿಗುತ್ತಾರೆ ಎಂದು ಒಂದು ಸಾಲು ಇದ್ದರೆ ಅದೇ ಹೆಚ್ಚು!

ಇವತ್ತು ನಾನು ನಿಮ್ಮೆದುರು ಇಡಬೇಕೆಂದಿರುವುದು ಈ ಮೂರನೆಯ ಗುಂಪಿನ ವಿಷಯ. ಇದು ಬರೀ ಮೋಸದ ಕಥೆಯಲ್ಲ. ಕನ್ನಡ ಪತ್ರಿಕೆಯ ಹೊಟ್ಟೆಪಾಡಿನ ಕಥೆ. ಕನ್ನಡ ಓದುವವನ ಪ್ರಾಣದ ಕಥೆ.

ಅಮೆರಿಕದ ಗಾಂಜಾ, ಅಮೆರಿಕದ ಪತ್ರಿಕೆ

ಮೊದಲು ದೂರದ ದೇಶದ ಒಂದು ಸಂಗತಿ ಕೇಳಿ. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಜನ 1996ರಲ್ಲಿ ಮತ ಹಾಕಿ, ಕಾಯಿಲೆಯವರು ಗಾಂಜಾ ಬಳಸಬಹುದು ಎಂದು ಒಪ್ಪಿದರು. 2000ರಲ್ಲಿ ಕೊಲೊರಾಡೊ ರಾಜ್ಯದ ಜನವೂ ಒಪ್ಪಿದರು. 2009ರಲ್ಲಿ ಅಲ್ಲಿನ ಕೇಂದ್ರ ಸರಕಾರ, ರಾಜ್ಯದ ಕಾನೂನಿನಂತೆ ನಡೆಯುವವರ ಮೇಲೆ ಕೇಸು ಹಾಕಲು ತಾನು ಆತುರಪಡುವುದಿಲ್ಲ ಎಂದಿತು. ಸರಿ, ಮಳೆ ಬಿದ್ದ ಮೇಲೆ ಅಣಬೆ ಎದ್ದ ಹಾಗೆ ಕೊಲೊರಾಡೊದಲ್ಲಿ ‘ವೈದ್ಯಕೀಯ ಗಾಂಜಾ’ದ ಅಂಗಡಿಗಳು ಎದ್ದವು.

ಆಗ ಅಲ್ಲಿನ ಊರ ಪತ್ರಿಕೆಗಳ ಸ್ಥಿತಿ ಹೇಗಿತ್ತು? ಮನೆ ಬಾಡಿಗೆಗಿದೆ, ಹಳೇ ಕಾರು ಮಾರಾಟಕ್ಕಿದೆ ಎಂಬ ಸಣ್ಣ ಜಾಹೀರಾತುಗಳೆಲ್ಲ ಇಂಟರ್ನೆಟ್ಟಿಗೆ ಓಡಿಹೋಗಿದ್ದವು. 2008ರ ಆರ್ಥಿಕ ಕುಸಿತದಲ್ಲಿ ಅಂಗಡಿ ಮುಂಗಟ್ಟುಗಳ ಜಾಹೀರಾತೂ ನಿಂತಿತ್ತು. ಉಸಿರು ಕಟ್ಟಿದ್ದ ಪತ್ರಿಕೆಗಳಿಗೆ ಗಾಂಜಾ ಅಂಗಡಿ ಆಮ್ಲಜನಕವಾಗಿ ಬಂತು. ಪುಟಗಟ್ಟಲೆ ಜಾಹೀರಾತು, ವಿಶೇಷ ಪುರವಣಿ ಬೇರೆ. ಡೆನ್ವರ್ ನಗರದ ‘ವೆಸ್ಟ್‌ವರ್ಡ್’ ಎಂಬ ವಾರಪತ್ರಿಕೆ ಗಾಂಜಾ ಅಂಗಡಿಗಳ ವಿಮರ್ಶೆ ಬರೆಯುವುದಕ್ಕೇ ಒಬ್ಬನನ್ನು ನೇಮಿಸಿಕೊಂಡಿತು. ನಾವು ಸಿನಿಮಾ ವಿಮರ್ಶೆ ಓದುತ್ತೇವಲ್ಲ, ಹಾಗೆ!

ಆದರೆ ಬಂದ ದುಡ್ಡು ಯಾರದೋ ಒಂದು ಆದೇಶಕ್ಕೆ ನೇತುಹಾಕಿದ ದುಡ್ಡು. 2015ರಲ್ಲಿ ಅಮೆರಿಕದ ಅಂಚೆ ಇಲಾಖೆ, ಗಾಂಜಾ ಜಾಹೀರಾತು ಇರುವ ಪತ್ರಿಕೆಯನ್ನು ಅಂಚೆಯಲ್ಲಿ ಕಳಿಸುವಂತಿಲ್ಲ ಎಂದು ಪತ್ರಿಕೆಗಳಿಗೆ ಹೇಳಿತು. ರಾಜ್ಯದ ಕಾನೂನು ಸರಿ ಎನ್ನುತ್ತದೆ, ಕೇಂದ್ರದ ಕಾನೂನು ತಪ್ಪು ಎನ್ನುತ್ತದೆ. ಹಳ್ಳಿಗಾಡಿನಲ್ಲಿ ಅಂಚೆಯನ್ನೇ ನಂಬಿದ ಸಣ್ಣ ಪತ್ರಿಕೆ ನಡುವೆ ಸಿಕ್ಕಿತು.

‘ಇದಕ್ಕೂ ಬಳ್ಳಾರಿಗೂ ಏನ್ರೀ ಸಂಬಂಧ?’ ಎನ್ನುತ್ತೀರಾ? ಸಂಬಂಧ ಇದೆ. ಅಲ್ಲಿ ಜಾಹೀರಾತು ಕೊಟ್ಟ ಅಂಗಡಿಗೆ ಕನಿಷ್ಠ ಒಂದು ಲೈಸೆನ್ಸು ಇತ್ತು, ಬಾಗಿಲು ಇತ್ತು, ಜನ ಮತ ಹಾಕಿ ಮಾಡಿದ ಒಂದು ಕಾನೂನು ಇತ್ತು. ನಮ್ಮಲ್ಲಿ ಅದೇ ಬಡತನ ಇದೆ. ಅದೇ ಔಷಧದ ದುಡ್ಡು ಇದೆ. ಕಾನೂನು ಮಾತ್ರ ಕಪಾಟಿನಲ್ಲಿದೆ.

ನಮ್ಮ ಪತ್ರಿಕೆಯ ಹೊಟ್ಟೆ

ಸಣ್ಣ ಪತ್ರಿಕೆಯನ್ನು ಬೈಯುವ ಮುಂಚೆ ಅದರ ಕಷ್ಟ ತಿಳಿಯಬೇಕು. ಪತ್ರಿಕೆಯ ಕಾಗದ, ಶಾಯಿ, ಪ್ಲೇಟು, ಕರೆಂಟು, ಹಂಚುವ ಹುಡುಗ ಇವೆಲ್ಲದರ ಖರ್ಚು ನೀವು ಕೊಡುವ ಬೆಲೆಯಲ್ಲಿ ಹುಟ್ಟುವುದಿಲ್ಲ. ಹುಟ್ಟದ್ದನ್ನು ತುಂಬಿಕೊಡುವುದು ಜಾಹೀರಾತು. 2019ರಲ್ಲಿ ಕೇಂದ್ರ ಸರಕಾರ ಹೊರದೇಶದ ಪತ್ರಿಕಾ ಕಾಗದದ ಮೇಲೆ ಶೇಕಡಾ 10 ಸುಂಕ ಹಾಕಿತು. 2020ರಲ್ಲಿ ಅದನ್ನು 5ಕ್ಕೆ ಇಳಿಸಿತು. ಅದೇ ವರ್ಷ ಕೊರೊನಾ ಬಂತು. ಮದುವೆ ಇಲ್ಲ, ಅಂಗಡಿ ಉದ್ಘಾಟನೆ ಇಲ್ಲ, ಜಾತ್ರೆ ಇಲ್ಲ, ಜಾಹೀರಾತೂ ಇಲ್ಲ. ನಿವೇಶನ, ಬಾಡಿಗೆ ಮನೆ, ಕೆಲಸ ಖಾಲಿ ಇದೆ ಎಂಬ ಜಾಹೀರಾತು ವಾಟ್ಸಾಪಿಗೆ ಹೋಯಿತು. ಸರಕಾರದ ಜಾಹೀರಾತು ಸಿಕ್ಕರೂ ಬಿಲ್ಲು ಕೈಗೆ ಬರುವಷ್ಟರಲ್ಲಿ ಚಪ್ಪಲಿ ಸವೆಯುತ್ತದೆ.

ಇಂಥ ಹೊತ್ತಿನಲ್ಲಿ ಒಬ್ಬ ಬರುತ್ತಾನೆ. ಮುಂಗಡ ಹಣ ಕೊಡುತ್ತಾನೆ. ವರ್ಷಪೂರ್ತಿ ದಿನಾ ಒಂದು ಚೌಕ ಬೇಕು ಅನ್ನುತ್ತಾನೆ. ಜಾಹೀರಾತಿನ ಮಾತನ್ನೂ ಅವನೇ ಬರೆದು ತಂದಿರುತ್ತಾನೆ. ಅವನು ಮಾರುವುದು ಸಕ್ಕರೆ ಕಾಯಿಲೆಯ ಪುಡಿ. ಸಂಪಾದಕನ ಮನೆಯಲ್ಲಿ ಮಗಳ ಫೀಸು ಕಟ್ಟಬೇಕು. ಈಗ ಹೇಳಿ, ಅವನು ಬೇಡ ಅನ್ನುತ್ತಾನೆಯೇ?

ಇಲ್ಲೊಂದು ವಿಚಿತ್ರ ನೋಡಿ. ನಿಜವಾದ ಎಂ.ಬಿ.ಬಿ.ಎಸ್. ಡಾಕ್ಟರು ತನ್ನನ್ನು ತಾನು ಹೊಗಳಿಕೊಂಡು ಜಾಹೀರಾತು ಕೊಡುವಂತಿಲ್ಲ. 2002ರ ವೈದ್ಯಕೀಯ ನಡತೆಯ ನಿಯಮ ಅವನ ಕೈಕಟ್ಟಿದೆ. ದವಾಖಾನೆ ಶುರು ಮಾಡಿದೆ, ವಿಳಾಸ ಬದಲಾಯಿತು, ಊರಿಗೆ ಹೋಗಿ ಬಂದೆ ಎಂಬಂಥ ನಾಲ್ಕಾರು ಪ್ರಕಟಣೆಗೆ ಮಾತ್ರ ಅವಕಾಶ. ಓದಿ ಪಾಸಾದವನ ಬಾಯಿಗೆ ಬೀಗ. ಓದದವನ ಕೈಯಲ್ಲಿ ಮೈಕು!

ಕಾನೂನು ಇಲ್ಲವೇ? ಇದೆ!

1954ರಲ್ಲೇ ಒಂದು ಕಾಯ್ದೆ ಬಂದಿದೆ. ‘ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ’. ಅದರ ಅನುಸೂಚಿಯಲ್ಲಿ 54 ಕಾಯಿಲೆಗಳ ಪಟ್ಟಿ ಇದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಪಾರ್ಶ್ವವಾಯು, ಮೂರ್ಛೆರೋಗ, ಕುರುಡು, ಕಿವುಡು, ಬೊಜ್ಜು, ಕೊನೆಗೆ ಎತ್ತರ ಬೆಳೆಸುವುದೂ ಅದರಲ್ಲಿದೆ. ಇವನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದೇ ಅಪರಾಧ. ಕಾಮಶಕ್ತಿ ಹೆಚ್ಚಿಸುತ್ತೇವೆ ಎನ್ನುವುದೂ ಅಪರಾಧ. ತಾಯತ, ಮಂತ್ರ, ಕವಚಗಳಿಂದ ರೋಗ ಓಡಿಸುತ್ತೇವೆ ಎನ್ನುವುದೂ ಅಪರಾಧ. ಮೊದಲ ಸಲ ಆರು ತಿಂಗಳವರೆಗೆ ಜೈಲು, ಮತ್ತೆ ಮಾಡಿದರೆ ಒಂದು ವರ್ಷದವರೆಗೆ. ಮತ್ತೊಂದು ಮಾತು ಗಮನಿಸಿ: ಕೊಟ್ಟವನಷ್ಟೇ ಅಲ್ಲ, ಅಂಥ ಜಾಹೀರಾತಿನ ಪ್ರಕಟಣೆಯಲ್ಲಿ ಪಾಲುಗೊಂಡವನೂ, ಎಂದರೆ ಅಚ್ಚು ಮಾಡಿದವನೂ, ಈ ಕಾಯ್ದೆಯ ಕೈಗೆ ಸಿಗುತ್ತಾನೆ.

‘ಇದು ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ’ ಎಂದು ಔಷಧ ವ್ಯಾಪಾರಿಗಳು ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಸಿದ್ಧ ಹಮ್‌ದರ್ದ್ ದವಾಖಾನ ಮೊಕದ್ದಮೆ. ಕಾಯ್ದೆಯ ಒಂದೆರಡು ತುಂಡನ್ನು ಕೋರ್ಟು ತೆಗೆದುಹಾಕಿತು, ನಿಜ. ಆದರೆ ನಿಷೇಧಿತ ಔಷಧವನ್ನು ಹೊಗಳಿ ಮಾರುವುದು ಸಂವಿಧಾನ ಕಾಪಾಡುವ ಮಾತಲ್ಲ ಎಂದು ಖಂಡಿತವಾಗಿ ಹೇಳಿತು. ಅದೇ ಕೋರ್ಟು 1961ರಲ್ಲಿ, ಸಕಾಳ್ ಪತ್ರಿಕೆಯ ಮೊಕದ್ದಮೆಯಲ್ಲಿ, ಪತ್ರಿಕೆಯ ಪುಟವನ್ನೂ ಜಾಹೀರಾತಿನ ಜಾಗವನ್ನೂ ಸರಕಾರ ಕತ್ತರಿಸಲು ಬಂದರೆ ಅದು ಪತ್ರಿಕಾ ಸ್ವಾತಂತ್ರ್ಯಕ್ಕೇ ಕತ್ತರಿ ಎಂದಿತು. ಎರಡನ್ನೂ ಜೊತೆಗಿಟ್ಟು ಓದಿ. ಪತ್ರಿಕೆಗೆ ಜಾಹೀರಾತು ಬೇಕು. ಅದು ಅದರ ಉಸಿರು. ಹಾಗಂತ ವಿಷವನ್ನು ಉಸಿರಾಡಬೇಕಿಲ್ಲ.

ಇತ್ತೀಚಿನ ಕಥೆ ನಿಮಗೆ ಗೊತ್ತೇ ಇದೆ. ಭಾರತೀಯ ವೈದ್ಯಕೀಯ ಸಂಘ 2022ರಲ್ಲಿ ಪತಂಜಲಿ ಸಂಸ್ಥೆಯ ಜಾಹೀರಾತುಗಳ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಆ ಸಂಸ್ಥೆ 67 ಪತ್ರಿಕೆಗಳಲ್ಲಿ ಕ್ಷಮಾಪಣೆ ಹಾಕಿಸಿದ್ದಾಗಿ ಕೋರ್ಟಿಗೆ ಹೇಳಿತು. ನ್ಯಾಯಮೂರ್ತಿಗಳು ಕೇಳಿದರು: ಜಾಹೀರಾತು ಎಷ್ಟು ದೊಡ್ಡದಿತ್ತೋ ಕ್ಷಮಾಪಣೆಯೂ ಅಷ್ಟೇ ದೊಡ್ಡದಿದೆಯೇ? ಎಂಥ ಪ್ರಶ್ನೆ ನೋಡಿ! ಆಮೇಲೆ ಆಗಸ್ಟಿನಲ್ಲಿ ನಿಂದನೆಯ ಪ್ರಕರಣ ಮುಗಿಯಿತು. 2025ರ ಮಾರ್ಚಿನಲ್ಲಿ ಕೋರ್ಟು, 1954ರ ಕಾಯ್ದೆಯಡಿ ಜನ ದೂರು ಕೊಡಲು ಒಂದು ವ್ಯವಸ್ಥೆ ಮಾಡಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ಎಪ್ಪತ್ತು ವರ್ಷ ಹಳೆಯ ಕಾಯ್ದೆಗೆ ದೂರಿನ ಪೆಟ್ಟಿಗೆ ಇಡಿ ಎಂದು 2025ರಲ್ಲಿ ಹೇಳಬೇಕಾಯಿತು!

ಭಂಗಿಯ ಬಾಟಲಿ, ಬೇರೆ ಭಾಷೆಯ ಚೀಟಿ

ಈಗ ಗಾಂಜಾಕ್ಕೆ ಮರಳೋಣ. ನಮ್ಮ ದೇಶದಲ್ಲಿ 1985ರ ಮಾದಕವಸ್ತು ಕಾಯ್ದೆಯಂತೆ ಗಾಂಜಾ ಎಂದರೆ ಆ ಗಿಡದ ಹೂ ಬಿಟ್ಟ, ಕಾಯಿ ಕಟ್ಟಿದ ತುದಿ. ತುದಿ ಜೊತೆಗಿರದ ಬರೀ ಎಲೆ, ಬರೀ ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಭಂಗಿ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂಬ ವಾದವನ್ನು ನಮ್ಮ ಕರ್ನಾಟಕ ಹೈಕೋರ್ಟೇ 2022ರಲ್ಲಿ ಒಂದು ಜಾಮೀನು ಅರ್ಜಿಯಲ್ಲಿ ಒಪ್ಪಿತು. ಆಯುರ್ವೇದದಲ್ಲಿ ಈ ಎಲೆಗೆ ‘ವಿಜಯಾ’ ಎಂಬ ಹೆಸರಿದೆ. ಇಷ್ಟು ಸಂದಿ ಸಾಕು. ನೋವಿಗೆ, ನಿದ್ದೆಗೆ, ಚಿಂತೆಗೆ ಎಂದು ವಿಜಯಾ ಎಣ್ಣೆ, ವಿಜಯಾ ಮಾತ್ರೆಗಳು ಇಂಟರ್ನೆಟ್ಟಿನಲ್ಲಿ ಮಾರಾಟಕ್ಕೆ ಬಂದಿವೆ. ಇವತ್ತು ಅವರ ಗಿರಾಕಿ ಇಂಗ್ಲಿಷ್ ಓದುವವನು. ನಾಳೆ ಅವರು ಕನ್ನಡದ ಜಿಲ್ಲಾ ಪತ್ರಿಕೆಯ ಬಾಗಿಲಿಗೆ ಬರುವುದಿಲ್ಲ ಎಂದು ಯಾರು ಬರೆದುಕೊಡುತ್ತಾರೆ?

ಆ ಗಿಡದಲ್ಲಿ ಔಷಧವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಮಕ್ಕಳಿಗೆ ಬರುವ ಎರಡು ಅಪರೂಪದ, ಉಗ್ರ ಮೂರ್ಛೆರೋಗಗಳಿಗೆ ಅದರಿಂದ ತೆಗೆದ ಒಂದು ಔಷಧವನ್ನು ಅಮೆರಿಕದ ಔಷಧ ಇಲಾಖೆ 2018ರಲ್ಲಿ ಒಪ್ಪಿತು. ಆದರೆ ಅದು ಒಪ್ಪಿಗೆ ಪಡೆದದ್ದು ರೋಗಿಗಳ ಮೇಲೆ ವರ್ಷಗಟ್ಟಲೆ ಪರೀಕ್ಷೆ ನಡೆದ ಮೇಲೆ. ಪತ್ರಿಕೆಯ ಮೂಲೆಯಲ್ಲಿ ಮೊಬೈಲ್ ನಂಬರು ಹಾಕಿಕೊಂಡು ಅಲ್ಲ.

ಈಗ ನಮ್ಮ ಎದೆಗೆ ನಾಟಬೇಕಾದ ಮಾತು. ಔಷಧ ಮತ್ತು ಕಾಂತಿವರ್ಧಕಗಳ ನಿಯಮಗಳಲ್ಲಿ ‘ಇ(1)’ ಎಂಬ ಒಂದು ಅನುಸೂಚಿ ಇದೆ. ಆಯುರ್ವೇದ, ಸಿದ್ಧ, ಯುನಾನಿ ಔಷಧಗಳಲ್ಲಿ ಬಳಸುವ ವಿಷಪದಾರ್ಥಗಳ ಪಟ್ಟಿ ಅದು. ಅಫೀಮು, ದತ್ತೂರಿ, ವತ್ಸನಾಭಿ, ಕಾಸರಕ, ಪಾದರಸ, ಹಾವಿನ ವಿಷ ಎಲ್ಲ ಅದರಲ್ಲಿವೆ. ಭಂಗಿಯೂ ಇದೆ. ಇವುಗಳಲ್ಲಿ ಯಾವುದಾದರೂ ಸೇರಿದ ಹೊಟ್ಟೆಗೆ ಕೊಡುವ ಔಷಧದ ಮೇಲೆ, ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕು ಎಂಬ ಎಚ್ಚರಿಕೆಯನ್ನು ಎದ್ದು ಕಾಣುವಂತೆ ಅಚ್ಚು ಹಾಕಬೇಕು. ಇದು 161ನೆಯ ನಿಯಮ.

ಯಾವ ಭಾಷೆಯಲ್ಲಿ? ನಿಯಮ ಹೇಳುತ್ತದೆ: ಇಂಗ್ಲಿಷ್ ಮತ್ತು ಹಿಂದಿಯಲ್ಲಿ!

ಕುರುಗೋಡಿನ ಒಬ್ಬ ಮುದುಕಮ್ಮನನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೊಮ್ಮಗ ಪತ್ರಿಕೆ ಓದಿ ಹೇಳುತ್ತಾನೆ: ‘ಅಬ್ಬೇ, ಮಂಡಿ ನೋವಿಗೆ ಔಷಧಿ ಬಂದೈತಂತೆ.’ ಆಸೆ ಹುಟ್ಟಿಸಿದ ಮಾತು ಚೊಕ್ಕ ಕನ್ನಡದಲ್ಲಿತ್ತು. ‘ತಾಯಂದಿರೇ, ಇನ್ನು ಚಿಂತೆ ಬಿಡಿ’ ಎಂದಿತ್ತು. ದುಡ್ಡು ಕಳಿಸಿದರು, ಬಾಟಲಿ ಬಂತು. ಆ ಬಾಟಲಿಯ ಮೇಲಿನ ಎಚ್ಚರಿಕೆ ಆಕೆಗೂ ತಿಳಿಯದ, ಮೊಮ್ಮಗನಿಗೂ ಅರ್ಧಂಬರ್ಧ ತಿಳಿಯುವ ಭಾಷೆಯಲ್ಲಿ. ಮಾರುವಾಗ ಕನ್ನಡ ಬೇಕು. ಕಾಪಾಡುವಾಗ ಕನ್ನಡ ಬೇಡ. ಗೆಳೆಯರೇ, ಕನ್ನಡಕ್ಕೆ ಆಗುವ ಅವಮಾನ ಬೋರ್ಡಿನ ಮೇಲೆ ಮಾತ್ರ ಇರುವುದಿಲ್ಲ. ಔಷಧದ ಚೀಟಿಯ ಮೇಲೂ ಇರುತ್ತದೆ. ಬೋರ್ಡು ಓದಲಾರದವನು ದಾರಿ ತಪ್ಪುತ್ತಾನೆ. ಚೀಟಿ ಓದಲಾರದವನು ಪ್ರಾಣ ಬಿಡುತ್ತಾನೆ.

ಕನ್ನಡದಲ್ಲಿ ಅಚ್ಚು ಹಾಕಬೇಡಿ ಎಂದು ಆ ನಿಯಮ ತಡೆಯುವುದಿಲ್ಲ. ಹಾಕಲೇಬೇಕು ಎನ್ನುವುದಿಲ್ಲ, ಅಷ್ಟೆ. ಬೇರೆ ಕಾನೂನು ಇದನ್ನು ಬಲ್ಲದು. 2003ರ ತಂಬಾಕು ಕಾಯ್ದೆ ನೋಡಿ. ಪೊಟ್ಟಣದ ಮೇಲೆ ಯಾವ ಭಾರತೀಯ ಭಾಷೆ ಇದೆಯೋ ಎಚ್ಚರಿಕೆಯೂ ಆ ಭಾಷೆಯಲ್ಲಿರಬೇಕು ಎನ್ನುತ್ತದೆ. ಬೀಡಿಗೆ ಸಿಕ್ಕ ನ್ಯಾಯ ಔಷಧಕ್ಕೆ ಯಾಕಿಲ್ಲ? ನಮ್ಮ ಬೇಡಿಕೆ ಒಂದೇ ಸಾಲಿನದು: ಯಾವ ಭಾಷೆಯಲ್ಲಿ ಜಾಹೀರಾತೋ ಆ ಭಾಷೆಯಲ್ಲೇ ಎಚ್ಚರಿಕೆ. ಇದು ಹಿಂದಿಯವರ ಮೇಲಿನ ಸಿಟ್ಟಲ್ಲ. ಇದೇ ಮಾತನ್ನು ಗಡಿಯಾಚೆ ತೆಲುಗಿನವರು ತೆಲುಗಿಗೆ ಕೇಳಿದರೆ ನಾವು ಅವರ ಜೊತೆ ನಿಲ್ಲುತ್ತೇವೆ.

ಸಂಪಾದಕರ ಸಮಜಾಯಿಷಿ

ಪತ್ರಿಕೆಯವರನ್ನು ಕೇಳಿದರೆ ಮೂರು ಉತ್ತರ ಸಿಗುತ್ತವೆ.

ಒಂದು: ‘ನಾವು ಕೆಳಗೆ ಹಾಕಿದ್ದೇವಲ್ಲ, ಜಾಹೀರಾತಿಗೆ ಪತ್ರಿಕೆ ಹೊಣೆಯಲ್ಲ ಅಂತ.’ ಹಾಕಿದ್ದೀರಿ ಸ್ವಾಮಿ, ಇರುವೆಯೂ ಕನ್ನಡಕ ಹಾಕಿಕೊಂಡು ಓದಬೇಕಾದ ಅಕ್ಷರದಲ್ಲಿ! ಪತ್ರಿಕಾ ಮಂಡಳಿಯ ನಡತೆಯ ಸೂತ್ರದಂತೆ ಜಾಹೀರಾತಿಗೂ ಸಂಪಾದಕನೇ ಹೊಣೆ. ಹೊಣೆ ಒಪ್ಪದಿದ್ದರೆ ಮುಂಚೆಯೇ ಸ್ಪಷ್ಟವಾಗಿ ಹೇಳಬೇಕು. ಹೇಳಿದರೂ 1954ರ ಕಾಯ್ದೆ ಆ ಸಣ್ಣಕ್ಷರಕ್ಕೆ ಮಾಫಿ ಕೊಟ್ಟಿಲ್ಲ.

ಎರಡು: ‘ದೊಡ್ಡ ಪತ್ರಿಕೆಗಳು ಹಾಕುವುದಿಲ್ಲವೇ? ಟಿ.ವಿ.ಯವರು ಹಾಕುವುದಿಲ್ಲವೇ?’ ಹಾಕುತ್ತಾರೆ. ಗುಟ್ಕಾ ನಿಷೇಧವಾದ ಮೇಲೂ ಪಾನ್ ಮಸಾಲ, ಏಲಕ್ಕಿ ಎಂದು ಅದೇ ಹೆಸರು ಮೆರೆಸುತ್ತಾರೆ. ಹೆಂಡದ ಹೆಸರನ್ನು ಸೋಡಾಕ್ಕೆ ಅಂಟಿಸುತ್ತಾರೆ. ದೊಡ್ಡವರ ಪಾಪ ದೊಡ್ಡದು. ಆದರೆ ಒಬ್ಬರ ಪಾಪ ಇನ್ನೊಬ್ಬರ ಲೈಸೆನ್ಸು ಆಗುವುದಿಲ್ಲ.

ಮೂರು: ‘ಅಣ್ಣಾ, ಪೇಪರ್ ನಡೀಬೇಕಲ್ಲ!’ ಇದೊಂದೇ ನಿಜವಾದ ಉತ್ತರ. ಇದಕ್ಕೆ ಜವಾಬು ಹೇಳಬೇಕಾದವರು ಸಂಪಾದಕರಲ್ಲ. ನಾವು.

ಬಳ್ಳಾರಿಗೆ ಪತ್ರಿಕೆ ಏಕೆ ಬೇಕು?

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರಟಿಸಿದ್ದು. ಅದು ಕಲ್ಲಚ್ಚಿನಲ್ಲಿ ಬರುತ್ತಿತ್ತು. ಮರುವರ್ಷ, 1844ರಲ್ಲಿ, ಅದೇ ಪತ್ರಿಕೆ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಅಚ್ಚಾದದ್ದು ಎಲ್ಲಿ? ನಮ್ಮ ಬಳ್ಳಾರಿಯಲ್ಲಿ! ಕನ್ನಡ ಪತ್ರಿಕೆಗೆ ಎರಡನೆಯ ತೊಟ್ಟಿಲು ಕಟ್ಟಿದ ಊರು ಇದು.

ಈ ಊರು ಕನ್ನಡ ನಾಡಿಗೆ ಸೇರಿದ್ದೂ ಸುಮ್ಮನೆ ಅಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಚೆ ಹೋದವು. ಆ ಸಂಭ್ರಮದ ಚಪ್ಪರ ಕಾಯುತ್ತಿದ್ದ ಪೈಲ್ವಾನ್ ರಂಜಾನ್ ಸಾಬ್ ದುಷ್ಕರ್ಮಿಗಳ ದಾಳಿಗೆ ಬಲಿಯಾದರು. ಅವರು ಪ್ರಾಣ ಕೊಟ್ಟದ್ದು ಒಂದು ನಕಾಶೆಯ ಗೆರೆಗಲ್ಲ. ಇಲ್ಲಿನ ಜನ ತಮ್ಮ ಬದುಕನ್ನು ತಮ್ಮ ಭಾಷೆಯಲ್ಲಿ ನಡೆಸಬೇಕು ಎಂಬುದಕ್ಕೆ.

ಇನ್ನು ಮೊನ್ನೆಮೊನ್ನೆಯ ನೋವು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಹೆರಿಗೆಯ ಶಸ್ತ್ರಚಿಕಿತ್ಸೆಯಾದ ತಾಯಂದಿರು ಒಬ್ಬರ ಹಿಂದೆ ಒಬ್ಬರಂತೆ ತೀರಿಕೊಂಡರು. ಐದು ಜನ. ಅವರಿಗೆ ನರಕ್ಕೆ ಏರಿಸಿದ ದ್ರಾವಣದ ಮೇಲೆ ಅನುಮಾನ ಬಿತ್ತು. ರಾಜ್ಯದ ಔಷಧ ನಿಯಂತ್ರಕರನ್ನು ಸರಕಾರ ಅಮಾನತು ಮಾಡಿತು. ಇಂಥ ಹೊತ್ತಿನಲ್ಲಿ ಊರಿಗೆ ಬೇಕಾದದ್ದು ಯಾರು? ಆ ಬಾಟಲಿಯಲ್ಲಿ ಏನಿತ್ತು, ಯಾರು ಪರೀಕ್ಷೆ ಮಾಡಿದರು, ಯಾರು ಸಹಿ ಹಾಕಿದರು ಎಂದು ದಿನಾ ಹೋಗಿ ಬಾಗಿಲು ಬಡಿಯುವ ಊರ ವರದಿಗಾರ. ಅವನ ಪತ್ರಿಕೆಯ ಒಲೆ ಉರಿಯುವುದೇ ಸುಳ್ಳು ಔಷಧದ ದುಡ್ಡಿನಿಂದಾದರೆ, ಔಷಧದ ಬಗ್ಗೆ ಪ್ರಶ್ನೆ ಕೇಳಲು ಅವನಿಗೆ ಬಾಯಿ ಎಲ್ಲಿಂದ ಬರಬೇಕು? ಒಂದನೆಯ ಪುಟದಲ್ಲಿ ಕಳಪೆ ಔಷಧದ ಸುದ್ದಿ, ನಾಲ್ಕನೆಯ ಪುಟದಲ್ಲಿ ಕ್ಯಾನ್ಸರ್ ಗುಣಪಡಿಸುವ ಪುಡಿ. ಓದುಗ ಯಾವ ಪುಟ ನಂಬಬೇಕು?

ಮಾಡಬೇಕಾದ್ದು

ಕೂಗಿ ಮನೆಗೆ ಹೋಗುವುದರಿಂದ ಏನೂ ಆಗುವುದಿಲ್ಲ. ಕೈಯಿಂದ ಆಗುವ ನಾಲ್ಕು ಕೆಲಸ ಹೇಳುತ್ತೇನೆ.

ಮೊದಲನೆಯದು, ಕತ್ತರಿ. ಇಂಥ ಜಾಹೀರಾತು ಕಂಡರೆ ಕತ್ತರಿಸಿ, ಪತ್ರಿಕೆಯ ಹೆಸರು, ದಿನಾಂಕ ಬರೆದಿಡಿ. ನಾಲ್ಕು ಗೆಳೆಯರು ಸೇರಿ ಒಂದು ತಿಂಗಳು ಮಾಡಿ. ಅದೇ ನಿಮ್ಮ ಸಾಕ್ಷಿ.

ಎರಡನೆಯದು, ಪತ್ರ. ಮೊದಲು ಸಂಪಾದಕರಿಗೆ ಕೊಡಿ. ಮರ್ಯಾದೆಯಿಂದ, ಎದುರು ಕೂತು ಮಾತಾಡಿ. ಗಲಾಟೆ ಬೇಡ, ಮಸಿ ಬಳಿಯುವುದು ಬೇಡ, ಅವರು ನಮ್ಮವರೇ. ಕೇಳದಿದ್ದರೆ ಔಷಧ ನಿಯಂತ್ರಣ ಇಲಾಖೆಗೆ, ಆಯುಷ್ ಇಲಾಖೆಗೆ, ಪತ್ರಿಕಾ ಮಂಡಳಿಗೆ ಬರೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕಿದೆ. ದೂರನ್ನು ಕನ್ನಡದಲ್ಲೇ ಬರೆಯಿರಿ. ಕನ್ನಡದಲ್ಲಿ ಮೋಸವಾಗಿದೆ, ಕನ್ನಡದಲ್ಲೇ ದೂರಿರಲಿ.

ಮೂರನೆಯದು, ಎಚ್ಚರಿಕೆಯ ಭಾಷೆ. ಆ 161ನೆಯ ನಿಯಮಕ್ಕೆ ರಾಜ್ಯಭಾಷೆ ಸೇರಬೇಕು ಎಂದು ನಿಮ್ಮ ಸಂಸದರಿಗೆ ಬರೆಯಿರಿ. ಓಟು ಕೇಳಲು ಬಂದಾಗ ಹಾರ ಹಾಕುವ ಕೈಯಲ್ಲಿ ಈ ಒಂದು ಹಾಳೆಯೂ ಇರಲಿ.

ನಾಲ್ಕನೆಯದು, ಎಲ್ಲಕ್ಕಿಂತ ಕಷ್ಟದ್ದು. ಪತ್ರಿಕೆಯನ್ನು ದುಡ್ಡು ಕೊಟ್ಟು ಕೊಳ್ಳಿ. ಮೊಬೈಲಿನಲ್ಲಿ ಯಾರೋ ಕಳಿಸಿದ ಪುಟವನ್ನು ಪುಕ್ಕಟೆ ಓದಿ, ಆಮೇಲೆ ‘ಪತ್ರಿಕೆ ಕೆಟ್ಟಿತು’ ಎಂದರೆ ಏನು ಬಂತು? ಲಂಕೇಶರು 1980ರಲ್ಲಿ ‘ಲಂಕೇಶ್ ಪತ್ರಿಕೆ’ ಶುರು ಮಾಡಿದಾಗ ಜಾಹೀರಾತೇ ಬೇಡ ಎಂದರು. ಎರಡು ದಶಕ ಆ ಪತ್ರಿಕೆಯನ್ನು ನಡೆಸಿದ್ದು ವಾರವಾರ ಕೊಂಡು ಓದಿದ ಕನ್ನಡಿಗ. ಗಾಂಧೀಜಿ ಕೂಡ ‘ಯಂಗ್ ಇಂಡಿಯಾ’, ‘ನವಜೀವನ’ಗಳನ್ನು ಜಾಹೀರಾತಿಲ್ಲದೆ ನಡೆಸಿದರು. ಎಲ್ಲ ಪತ್ರಿಕೆಗೂ ಅದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿದ್ದಾರೆ, ಬಟ್ಟೆ ಅಂಗಡಿ, ಹೋಟೆಲು, ಕೋಚಿಂಗ್ ಕ್ಲಾಸು, ಬೀಜ ಗೊಬ್ಬರದ ಅಂಗಡಿ ಇವೆ. ಇಲ್ಲಿ ಕೂತವರಲ್ಲಿ ಎಷ್ಟೋ ಜನರ ಮನೆಯದೇ ವ್ಯಾಪಾರ ಇದ್ದೀತು. ಫೇಸ್‌ಬುಕ್ಕಿಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲನ್ನು ಊರ ಪತ್ರಿಕೆಗೆ ಕೊಡಿ. ಒಳ್ಳೆಯ ದುಡ್ಡು ಬಾಗಿಲಿಗೆ ಬಂದರೆ ಕೆಟ್ಟ ದುಡ್ಡಿಗೆ ‘ಬೇಡ’ ಎನ್ನುವ ಧೈರ್ಯ ಸಂಪಾದಕನಿಗೆ ತಾನಾಗಿ ಬರುತ್ತದೆ.

ಪತ್ರಿಕೆಯ ಅನ್ನ ಯಾರ ಕೈಯಲ್ಲಿದೆಯೋ ಪತ್ರಿಕೆಯ ನಾಲಿಗೆಯೂ ಅವರ ಕೈಯಲ್ಲಿರುತ್ತದೆ. ಅದು ಲಾಡ್ಜಿನ ಡಾಕ್ಟರನ ಕೈಯಲ್ಲಿರಬೇಕೋ, ಕನ್ನಡ ಓದುವ ನಿಮ್ಮ ಕೈಯಲ್ಲಿರಬೇಕೋ, ನೀವೇ ಹೇಳಿ.